ಬೀರುವಿನ ಮೇಲಿನ ಕಿವಿ

ನನ್ನ ಹಾಗೇ ಮಾತಾಡುವ ಒಬ್ಬಳು ದಿನಾ ಸಂಜೆ ಟೀವಿಯಲ್ಲಿ ಬರುತ್ತಿದ್ದಳು. ಅವಳು ಹುಟ್ಟಿದವಳಲ್ಲ. ಹೆತ್ತವರಿಲ್ಲ, ಕಟ್ಟಿಕೊಂಡವನಿಲ್ಲ, ಮಂಡಿನೋವಂತೂ ಇಲ್ಲವೇ ಇಲ್ಲ. ಆದರೆ ಸೊಂಟಕ್ಕೆ ಕೈಯಿಟ್ಟು ಜಗಳಕ್ಕೆ ನಿಂತಳೆಂದರೆ ಮಾತು ನನ್ನದು, ಏದುಸಿರು ನನ್ನದು, ಮಾತಿನ ಮಧ್ಯೆ ಎಳೆಯುವ ‘ಹೂಂ…’ ಕೂಡ ನನ್ನದೇ. ನನ್ನನ್ನು ಒಂದು ಮಾತು ಕೇಳದೆ ಎಲ್ಲವನ್ನೂ ಎತ್ತಿಕೊಂಡು ಹೋಗಿದ್ದಾರೆ. ಕೇಳದೆ ಅಂದೆನಾ? ಇಲ್ಲ, ಸುಳ್ಳು ಯಾಕೆ ಹೇಳಲಿ. ನಾನೇ ಕೈಯಾರೆ ಕೊಟ್ಟೆ. ಅದೇ ನನ್ನ ಗೋಳು.

ನಾನು ಓದಿದ್ದು ಕಮ್ಮಿ. ಶಾಲೆಯಲ್ಲಿ ಭಾಗಾಕಾರ ಶುರುವಾದ ದಿನ ಹೊಟ್ಟೆನೋವು ಅಂತ ಎದ್ದು ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆದರೆ ನನ್ನ ಕಿವಿ ಇದೆಯಲ್ಲ, ಅದಕ್ಕೆ ಡಾಕ್ಟರೇಟ್ ಕೊಡಬಹುದು. ನಡುಮನೆಯ ಕಿಟಕಿ ಪಕ್ಕದಲ್ಲಿ ನನ್ನ ಬೆತ್ತದ ಕುರ್ಚಿ. ತಲೆಯಿಂದ ಮೂಗಿನವರೆಗೆ ಶಾಲು ಎಳೆದುಕೊಂಡು, ಬಾಯಿ ಒಂಚೂರು ತೆರೆದುಕೊಂಡು ಕೂತೆನೆಂದರೆ ಮುದುಕಿ ನಿದ್ದೆಗೆ ಜಾರಿದಳು ಅಂದುಕೊಳ್ಳುತ್ತಾರೆ. (ಬಾಯಿ ತೆರೆಯುವುದು ಬಹಳ ಮುಖ್ಯ. ಬಾಯಿ ಮುಚ್ಚಿಕೊಂಡು ಮಲಗಿದ ಮುದುಕಿಯನ್ನು ಯಾರೂ ನಂಬುವುದಿಲ್ಲ.) ಆ ಮುಸುಕಿನೊಳಗೆ ಕೂತು ನಾನು ಕೇಳಿಸಿಕೊಂಡಿದ್ದು ಒಂದೇ ಎರಡೇ! ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರುತ್ತಿದೆ, ಮಹಡಿ ಮೇಲಿನ ಟೀಚರಮ್ಮ ಫೋನಿನಲ್ಲಿ ತಂಗಿಯನ್ನು ಏನಂತ ಬೈದಳು, ಎಲ್ಲ ಗೊತ್ತು. ನನ್ನ ಬಗ್ಗೆಯೂ ಕೇಳಿಸಿಕೊಂಡಿದ್ದೇನೆ. “ನಮ್ಮಮ್ಮ ಇಲ್ಲದಿದ್ದರೆ ನಾನು ಮನುಷ್ಯನೇ ಆಗ್ತಿರಲಿಲ್ಲ,” ಅಂತ ಮಗ ಹೇಳುತ್ತಿದ್ದ. “ಅತ್ತೆ ಅಂದ್ರೆ ಈ ಮನೆಯ ಕಂಬ ಕಣ್ರೀ,” ಅಂತ ಸೊಸೆ ದನಿಗೂಡಿಸುತ್ತಿದ್ದಳು. ಎದುರಿಗೆ ಇಬ್ಬರೂ ಇಂಥ ಮಾತು ಆಡಿದವರಲ್ಲ. ಮುಸುಕಿನೊಳಗೆ ನನ್ನ ಕಣ್ಣು ತುಂಬಿ ಬರುತ್ತಿತ್ತು. ಒರೆಸಿಕೊಳ್ಳುವ ಹಾಗಿಲ್ಲ, ನಿದ್ದೆಯಲ್ಲಿದ್ದೇನಲ್ಲ!

ಮನೆಯಲ್ಲಿ ನಾವು ಮೂರೇ ಜನ. ಸೊಸೆ ನಡುಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಗಿರಾಕಿಗಳ ಬಟ್ಟೆ ಹೊಲಿಯುತ್ತಾಳೆ. ಮಗ ಟೀವಿ ಚಾನೆಲ್ಲಿನಲ್ಲಿ ಎಡಿಟರ್. ಅಂದರೆ, ರಿಯಾಲಿಟಿ ಶೋ ಅಂತ ಒಂದು ಮನೆಯೊಳಗೆ ಜನರನ್ನು ಕೂಡಿಹಾಕುತ್ತಾರಲ್ಲ, ಅವರು ದಿನವಿಡೀ ಹಲ್ಲುಜ್ಜಿ, ತಲೆ ಬಾಚಿ, ಆಕಳಿಸಿದ್ದನ್ನೆಲ್ಲ ಕತ್ತರಿಸಿ ಬಿಸಾಕಿ, ಜಗಳ ಮಾತ್ರ ಆರಿಸಿ ಅಂಟಿಸುವ ಕೆಲಸ. ಸೊಸೆ ಬಟ್ಟೆ ಕತ್ತರಿಸಿ ಹೊಲಿಯುತ್ತಾಳೆ, ಅವನು ಜನರನ್ನು. ಇಬ್ಬರಿಗೂ ಬೆನ್ನುನೋವು.

ದಿನವಿಡೀ ಜಗಳ ನೋಡಿ ನೋಡಿ ಅವನಿಗೆ ಮನೆಯಲ್ಲಿ ಜಗಳದ ವಾಸನೆ ಬಂದರೂ ಆಗುವುದಿಲ್ಲ. ಈ ಗುಣವೇ ನಮಗೆ ವರವಾಗಿತ್ತು. ಯಾಕೆಂದರೆ ರಜಾದಿನ ಬಂತೆಂದರೆ ಅವನಿಗೆ ಒಂದು ಹುಚ್ಚು: ಮನೆಯ ಸಾಮಾನು ಜಾಗ ಬದಲಾಯಿಸುವುದು. ಮೂಲೆಯ ಕಬ್ಬಿಣದ ಬೀರುವನ್ನು ದರದರ ಎಳೆದು ಈ ಗೋಡೆಗೆ ತರುತ್ತಾನೆ. ಮುಂದಿನ ರಜೆಗೆ ಆ ಗೋಡೆಗೆ. ಸೊಸೆಯ ಮೆಷಿನ್ ಒಂದು ಕಡೆ, ಸೂಜಿಡಬ್ಬಿ ಇನ್ನೊಂದು ಕಡೆ, ನನ್ನ ಕುರ್ಚಿ ಹಿತ್ತಲಲ್ಲಿ! ಬೇಡ ಅಂದರೆ ಕೇಳುವವನಲ್ಲ. ಅದಕ್ಕೆ ನಾನೂ ಸೊಸೆಯೂ ಒಂದು ಉಪಾಯ ಕಂಡುಕೊಂಡಿದ್ದೆವು. ಅವನು ಬೀರುವಿಗೆ ಕೈ ಹಚ್ಚಿದ ಕೂಡಲೇ ನಾನು ಕೆಮ್ಮುವುದು. ಅವಳು ಮೆಷಿನ್ ತುಳಿಯುತ್ತಲೇ ಶುರು ಮಾಡುವುದು.

“ಉಪ್ಪು ಜಾಸ್ತಿ ಅಂತ ಟೀಚರಮ್ಮನ ಹತ್ರ ಹೇಳಿದಿರಂತೆ?”

“ಹೇಳಿದರೆ ಏನೀಗ? ನಾಲಿಗೆ ನನ್ನದು, ಉಪ್ಪು ನಿನ್ನದು. ಹೂಂ…”

“ನಿಮ್ಮ ನಾಲಿಗೆಯ ವಿಷಯ ಬೀದಿಗೇ ಗೊತ್ತು ಬಿಡಿ!”

ಆಮೇಲೆ ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿ ಬ್ರಹ್ಮಾಸ್ತ್ರ ಬಿಡುವುದು. “ನೀನೇ ಹೇಳಪ್ಪ, ಯಾರದ್ದು ತಪ್ಪು?” “ನೀವೇ ಹೇಳ್ರೀ!” ಅಷ್ಟು ಕೇಳಿದ್ದೇ ತಡ, ಅವನು ಬೀರು ಬಿಟ್ಟು, ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ಓಟ. ಕಿಟಕಿಯಿಂದ ನಾನು ನೋಡುವುದು.

“ಹೋದರಾ ಅತ್ತೆ?”

“ತಿರುವು ದಾಟಿದ ಕಣೇ.”

ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವುದು, ಟೀ ಕುಡಿಯುವುದು. ನನ್ನ ವಯಸ್ಸಿಗೆ ಅದಕ್ಕಿಂತ ದೊಡ್ಡ ಸುಖ ಬೇರೆ ಇರಲಿಲ್ಲ. ಸಂಜೆ ಅವನು ವಾಪಸು ಬರುವಾಗ ನುಣ್ಣಗೆ ಗಡ್ಡ ಬೋಳಿಸಿಕೊಂಡು ಬಂದಿರುತ್ತಿದ್ದ. ಪಾಪ, ಬೇಜಾರಿಗೆ ಏನೋ ಒಂದು ಮಾಡಿಕೊಳ್ಳುತ್ತಾನೆ ಅಂತ ಕರುಳು ಚುರುಕ್ ಅನ್ನುತ್ತಿತ್ತು.

ಹೀಗಿರುವಾಗ ಅವನ ಆಫೀಸಿಗೆ ಕೃತಕ ಬುದ್ಧಿಮತ್ತೆ ಬಂತು. (ನಮ್ಮ ಕಾಲದಲ್ಲಿ ಬುದ್ಧಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಈಗ ಹೊರಗಿಂದ ತರಿಸುತ್ತಾರೆ.) “ಇನ್ನು ರಿಯಾಲಿಟಿ ಶೋಗೆ ಜನವೇ ಬೇಡಮ್ಮ,” ಅಂದ ಮಗ. “ಒಂದು ಮನೆ, ಒಬ್ಬ ಅತ್ತೆ, ಒಬ್ಬ ಸೊಸೆ, ಮಧ್ಯೆ ಒಬ್ಬ ಮಗ ಅಂತ ಬರೆದುಕೊಟ್ಟರೆ ಸಾಕು. ಮುಖ, ದನಿ, ಗೋಡೆ, ಗೋಡೆ ಮೇಲಿನ ಕಲೆ, ಎಲ್ಲ ಅದೇ ಹುಟ್ಟಿಸುತ್ತೆ.”

“ಹುಟ್ಟದವರ ಜಗಳ ರಿಯಾಲಿಟಿ ಹೇಗಾಗುತ್ತೋ?” ಅಂದೆ.

“ಹುಟ್ಟಿದವರದ್ದೂ ಏನು ರಿಯಾಲಿಟಿ ಇತ್ತು ಬಿಡಮ್ಮ,” ಅಂದ.

ಮೊದಲ ಪ್ರಯೋಗವನ್ನು ಮನೆಗೆ ತಂದು ತೋರಿಸಿದ. ಬೆಳ್ಳಗಿನ ತಲೆಯ ಒಬ್ಬ ಅತ್ತೆ. ಅಚ್ಚುಕಟ್ಟಾಗಿದ್ದಳು, ಕೈಯಲ್ಲಿ ಮಾತ್ರ ಆರು ಬೆರಳು. ಬೈಯುವಾಗ ತೋರಿಸುವುದಕ್ಕೆ ಒಂದು ಜಾಸ್ತಿ ಇಟ್ಟಿದೆ ಅಂದುಕೊಂಡೆ. ಆದರೆ ಬಾಯಿ ತೆರೆದು ಅವಳು ಹೇಳಿದ್ದೇನು? “ಸೊಸೆಯೇ, ನಿನ್ನ ಭಾವನೆಗಳನ್ನು ನಾನು ಗೌರವಿಸುತ್ತೇನೆ. ಉಪ್ಪಿನ ಪ್ರಮಾಣದ ಕುರಿತು ನಾವು ಕುಳಿತು ಚರ್ಚಿಸೋಣವೇ?” ಅವಳ ಸೊಸೆಯೂ “ಖಂಡಿತವಾಗಿ, ಅತ್ತೆಯವರೇ” ಅಂದಳು. ಇಬ್ಬರೂ ಕುಳಿತರು. ಚರ್ಚಿಸಿದರು. ನನಗೆ ನಿಜವಾಗಿಯೂ ನಿದ್ದೆ ಬಂತು.

“ನೋಡು, ಬೆರಳು ಸರಿ ಮಾಡಬಹುದು. ನಾಲಿಗೆ ಹೇಗೆ ಸರಿ ಮಾಡಲಿ?” ಅಂತ ಮಗ ತಲೆ ಮೇಲೆ ಕೈ ಹೊತ್ತ. ಚಾನೆಲ್ಲಿನ ಮೇಡಂ ಖಡಾಖಂಡಿತ ಹೇಳಿಬಿಟ್ಟಿದ್ದಳಂತೆ: ಈ ಶೋ ಓಡದಿದ್ದರೆ ಯಂತ್ರವೂ ಬೇಡ, ಯಂತ್ರದ ಮುಂದೆ ಕೂರುವವನೂ ಬೇಡ. ಅವನ ಜೊತೆಯ ಎಡಿಟರುಗಳನ್ನೆಲ್ಲ ಆಗಲೇ ಮನೆಗೆ ಕಳಿಸಿ ಆಗಿತ್ತು. ಉಳಿದವನು ಇವನೊಬ್ಬ. ಅವನು ತಟ್ಟೆಯಲ್ಲಿ ಅನ್ನ ಕಲಸುತ್ತಾ ಕೂರುತ್ತಿದ್ದ, ಬಾಯಿಗೆ ಹೋಗುತ್ತಿರಲಿಲ್ಲ. ರಜೆಯ ದಿನವೂ ಬೀರುವಿನ ಕಡೆ ತಿರುಗಿ ನೋಡಲಿಲ್ಲ. ಬೀರು ನೋಡದ ಮಗನನ್ನು ನೋಡಿ ನನಗೆ ಹೆದರಿಕೆಯಾಯಿತು.

ಆಗ ನನ್ನ ಬಾಯಿಂದ ಬಂದೇ ಬಿಟ್ಟಿತು ಆ ದಿವ್ಯವಾದ ಸಲಹೆ. “ಅದಕ್ಕೆ ಜಗಳ ಗೊತ್ತಿಲ್ಲ ತಾನೇ? ನಮ್ಮದನ್ನು ಕೇಳಿಸು. ಕಲಿಯಲಿ.”

ಸೊಸೆ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ತಡವಾಗಿತ್ತು. ಮಗನ ಮುಖದಲ್ಲಿ ಎಷ್ಟೋ ದಿನದ ಮೇಲೆ ಬೆಳಕು ಬಂತು. ಮಾರನೇ ದಿನವೇ ಸೋಪಿನ ಬಿಲ್ಲೆಯಷ್ಟು ದೊಡ್ಡ ಕರೀ ಪೆಟ್ಟಿಗೆ ತಂದು ಬೀರುವಿನ ಮೇಲಿಟ್ಟ. ಮುಂದೆ ಒಂದು ಕೆಂಪು ದೀಪ, ಬೆಕ್ಕಿನ ಕಣ್ಣಿನ ಹಾಗೆ. ಅದರಲ್ಲಿ ತುಂಬಿದ ಮಾತು ತನ್ನಷ್ಟಕ್ಕೇ ಯಂತ್ರಕ್ಕೆ ಹೋಗುತ್ತದಂತೆ.

“ಎಲ್ಲ ನೀನು ಕೂತು ಕೇಳ್ತೀಯೇನೋ?” ಅಂತ ಮೆಲ್ಲಗೆ ಕೇಳಿದೆ.

“ನನಗೆಲ್ಲಿದೆ ಪುರುಸೊತ್ತು? ಅದೇ ಕೇಳಿಕೊಳ್ಳುತ್ತೆ, ಅದೇ ಕಲಿಯುತ್ತೆ.”

ಅವನು ಆ ಕಡೆ ಹೋದದ್ದೇ ಸೊಸೆ ಕತ್ತರಿ ಹಿಡಿದುಕೊಂಡೇ ಎದ್ದು ಬಂದಳು. “ಅತ್ತೆ, ನಿಮಗೇನಾದರೂ ಬುದ್ಧಿ ಇದೆಯಾ? ನಾವು ಜಗಳ ಆಡೋದು ಒಂದು ಘಳಿಗೆ. ಆಮೇಲೆ ನಗೋದು?”

ನಾನು ಸಾವಧಾನವಾಗಿ ಯೋಚಿಸಿದೆ. ಗಿಳಿ ಸಾಕಿದವರು ಪಂಜರದ ಮೇಲೆ ಬಟ್ಟೆ ಹೊದಿಸುವುದನ್ನು ನೋಡಿದ್ದೆ. ಹೊದಿಸಿದರೆ ಗಿಳಿ ಗಪ್‌ಚಿಪ್. ಸೊಸೆಯ ಕತ್ತರಿ ಕೆಲಸದಲ್ಲಿ ಮಿಕ್ಕ ಒಂದು ದಪ್ಪ ತುಂಡುಬಟ್ಟೆ ತಂದು, ಸ್ಟೂಲ್ ಹತ್ತಿಸಿ ಅವಳಿಂದಲೇ ಪೆಟ್ಟಿಗೆಯ ಮೇಲೆ ಮುಚ್ಚಿಸಿದೆ.

“ದೀಪ ಕಾಣುತ್ತಾ?”

“ಇಲ್ಲ ಅತ್ತೆ.”

“ಅಲ್ಲಿಗೆ ಅದಕ್ಕೂ ನಾವು ಕಾಣಲ್ಲ.”

ನಮ್ಮಿಬ್ಬರಿಗೂ ಎಷ್ಟು ಸಮಾಧಾನ! ಮಗ ಮತ್ತೆ ಬೀರುವಿಗೆ ಕೈ ಹಚ್ಚತೊಡಗಿದ. ಅವನಿದ್ದಾಗ ಬಟ್ಟೆ ತೆಗೆಯುವುದು, ಜಗಳ. ಅವನು ತಿರುವು ದಾಟಿದ ಮೇಲೆ ಬಟ್ಟೆ ಮುಚ್ಚುವುದು, ಟೀ. ಇಷ್ಟು ಸುಲಭದ ಕೆಲಸಕ್ಕೆ ಯಾಕೆ ಹೆದರಿದೆವೋ ಅನ್ನಿಸಿತು.

ಶೋಗೆ ‘ಒಂದೇ ಸೂರು, ಮೂರೇ ಜನ’ ಅಂತ ಹೆಸರಿಟ್ಟರು. ಶುರುವಾಯಿತು ನೋಡಿ! ಬೆರಳು ಐದಕ್ಕಿಳಿದಿದ್ದ ಆ ಅತ್ತೆ ಮೊದಲ ಸಂಜೆಯೇ “ನಾಲಿಗೆ ನನ್ನದು, ಉಪ್ಪು ನಿನ್ನದು. ಹೂಂ…” ಅಂದಳು. ನನ್ನ ಮೈ ಜುಮ್ಮೆಂದಿತು. ಇನ್ನೊಂದು ತಮಾಷೆ. ಆ ಮನೆಯಲ್ಲಿ ಹೊಲಿಗೆ ಮೆಷಿನ್ನೇ ಇಲ್ಲ, ಆದರೂ ಜಗಳ ಶುರುವಾದ ಕೂಡಲೇ ಎಲ್ಲಿಂದಲೋ ಟಕಟಕ ಟಕಟಕ ಸದ್ದು. ಜಗಳವೆಂದರೆ ಹೀಗೇ ಸದ್ದು ಬರುತ್ತದೆ ಅಂತ ಯಂತ್ರ ತಿಳಿದುಕೊಂಡಿತ್ತು. ಮೇಡಂ ಮಾತ್ರ, “ಆ ಮ್ಯೂಸಿಕ್ ಎದೆ ನಡುಗಿಸುತ್ತೆ!” ಅಂತ ಮಗನ ಬೆನ್ನು ತಟ್ಟಿದಳಂತೆ.

ಜನ ಹುಚ್ಚೆದ್ದು ನೋಡಿದರು. ಇದರಲ್ಲಿರುವವರು ಯಾರೂ ನಿಜವಲ್ಲ ಅಂತ ಪ್ರತಿ ಸಂಜೆ ಮೊದಲೇ ಬರೆದು ತೋರಿಸುತ್ತಿದ್ದರು. ಅದನ್ನು ಓದಿಯೂ ಬೀದಿಯಲ್ಲಿ ಎರಡು ಪಕ್ಷವಾಯಿತು. ಮಹಡಿಯ ಟೀಚರಮ್ಮ ನನ್ನ ಪಕ್ಕದಲ್ಲೇ ಕೂತು ಬಿಸ್ಕತ್ತು ಕಡಿಯುತ್ತಾ, “ಆ ಮುದುಕಿಗೆ ನಾಲಿಗೆಗೆ ಹುಣ್ಣಾಗಬಾರದೇ! ಇಂಥವರು ಯಾಕಾದರೂ ಇರ್ತಾರೋ!” ಅನ್ನುವಳು. ಇಲ್ಲ ಕಣಮ್ಮ, ಅವಳು ಇಲ್ಲವೇ ಇಲ್ಲ ಅನ್ನಲೇ? ಹೌದು ಕಣಮ್ಮ, ಇಲ್ಲೇ ಇದ್ದಾಳೆ ಅನ್ನಲೇ? ಸುಮ್ಮನೆ ಬಿಸ್ಕತ್ತಿನ ಡಬ್ಬಿ ನನ್ನ ಕಡೆ ಎಳೆದುಕೊಂಡೆ.

ಇಲ್ಲಿಯವರೆಗೆ ನಗು. ಇನ್ನು ಮುಂದೆ ನಗು ಕಮ್ಮಿ.

ಒಂದು ಸಂಜೆ ಟೀವಿ ಸೊಸೆ ಟೀವಿ ಅತ್ತೆಗೆ ಹೇಳಿದಳು: “ನನ್ನ ಕೆಲಸ ನಿಮಗೆ ಕೆಲಸವೇ ಅಲ್ಲ. ಗಿರಾಕಿ ಬಂದು ಕೂತ ಕೂಡಲೇ ಬೇಕಂತಲೇ ನನ್ನನ್ನು ನೀರು ತಾ, ಮಾತ್ರೆ ತಾ ಅಂತ ಕರೀತೀರಿ. ನಾನು ಈ ಮನೆ ಆಳು ಅಂತ ಅವರಿಗೆ ಗೊತ್ತಾಗಬೇಕು, ಅಲ್ವಾ?”

ಈ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿದ್ದಲ್ಲ. ಯಂತ್ರ ತಾನೇ ಹುಟ್ಟಿಸಿದ್ದು. ಆದರೆ ಮೆಷಿನ್ ತುಳಿಯುತ್ತಿದ್ದ ಸೊಸೆಯ ಕಾಲು ಗಕ್ಕನೆ ನಿಂತಿತು. ನನ್ನ ಕಿವಿಗೆ ಆ ನಿಂತ ಸದ್ದು ಕೇಳಿಸಿತು.

“ಇದನ್ನು ನೀನು ಹೇಳಿದೆಯಾ?” ಅಂದೆ.

“ಇಲ್ಲ ಅತ್ತೆ.”

“ಅಂದುಕೊಂಡಿದ್ದೆಯಾ?”

ಅವಳು ಸೂಜಿಗೆ ದಾರ ಪೋಣಿಸತೊಡಗಿದಳು. ಬಾಯಲ್ಲಿ ಒದ್ದೆ ಮಾಡಿ, ಬೆರಳಲ್ಲಿ ಹೊಸೆದು, ಮತ್ತೆ ಮತ್ತೆ. ಕಣ್ಣು ಮುಚ್ಚಿ ದಾರ ಪೋಣಿಸುವ ಹುಡುಗಿ ಅವಳು. ಆವತ್ತು ದಾರ ಒಳಗೆ ಹೋಗಲೇ ಇಲ್ಲ.

ಮಾರನೇ ದಿನದಿಂದ ಗಿರಾಕಿ ಬಂದಾಗ ನಾನು ನೀರು ಕೇಳಲಿಲ್ಲ. ಗಂಟಲು ಒಣಗಿದರೂ ಕೇಳಲಿಲ್ಲ. ಅವಳೂ ನನ್ನ ಪಕ್ಕದಲ್ಲಿ ತುಂಬಿದ ಚೊಂಬು ತಂದಿಟ್ಟು ಮಾತಾಡದೆ ಹೋದಳು. ಟೀ ಎರಡು ಸಲ ಆಗತೊಡಗಿತು, ನನಗೆ ಬೇರೆ, ಅವಳಿಗೆ ಬೇರೆ. ನಮ್ಮ ಸುಳ್ಳು ಜಗಳಕ್ಕೆ ಎಷ್ಟು ಸದ್ದಿತ್ತೋ, ನಿಜವಾದ ಜಗಳಕ್ಕೆ ಒಂದು ಚೂರೂ ಸದ್ದಿರಲಿಲ್ಲ.

ಮಗ ಕಂಗಾಲಾದ. “ಏನಮ್ಮ, ಮನೆಯಲ್ಲಿ ಜಗಳವೇ ಕೇಳಿಸ್ತಿಲ್ಲ? ಎಲ್ಲ ಸರಿಯಿದೆ ತಾನೇ?”

“ಸರಿಯಿದೆ.”

“ಸರಿಯಿದ್ದರೆ ಹೇಗಮ್ಮ? ಕೊನೇ ಸಂಚಿಕೆ ಬಂತು. ಯಂತ್ರಕ್ಕೆ ಹೊಸದಾಗಿ ಏನೂ ಸಿಕ್ಕಿಲ್ಲ. ಒಂದೆರಡು ಮಾತಾದರೂ ಬೈದುಕೊಳ್ಳಿ. ನಿಮ್ಮ ಕಾಲಿಗೆ ಬೀಳ್ತೀನಿ.”

ನಾನು ಕೆಮ್ಮಿ ನೋಡಿದೆ. ಸೊಸೆ ತಲೆ ಎತ್ತಲಿಲ್ಲ.

ಕೊನೇ ಸಂಚಿಕೆಯಲ್ಲಿ ಒಂದು ಹೊಸ ವರಸೆ ಇತ್ತು. ಅದನ್ನು ಮೊದಲೇ ಮಾಡಿಡುವ ಹಾಗಿಲ್ಲ. ನೋಡುವ ಜನ ಫೋನಿನಲ್ಲಿ ಓಟು ಹಾಕುತ್ತಾ ಹೋಗುತ್ತಾರೆ. ಅವರು ಕೇಳಿದ ಹಾಗೆ ಯಂತ್ರ ಆಗಿಂದಾಗಲೇ ಬಿಸಿಬಿಸಿಯಾಗಿ ಹುಟ್ಟಿಸುತ್ತದೆ. ಏನು ಬರುತ್ತದೆ ಅಂತ ಮಗನಿಗೂ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ. ಕೊನೆಗೆ ಮೂವರಲ್ಲಿ ಒಬ್ಬರನ್ನು ಜನ ಮನೆಯಿಂದಾಚೆ ಕಳಿಸುತ್ತಾರೆ. ಸಾಲದ್ದಕ್ಕೆ, “ಯಂತ್ರಕ್ಕೆ ಪಾಠ ಹೇಳಿಕೊಟ್ಟ ಮನೆಯಲ್ಲೇ ಕೂತು ನೋಡ್ತೀನಿ,” ಅಂತ ಮೇಡಂ ಸಂಜೆಗೆ ನಮ್ಮ ಮನೆಗೇ ಬಂದಿಳಿದಳು. ಮಗ ಅವಳಿಗೆ ಕುರ್ಚಿ ಹಾಕಿ, ತಾನು ಸ್ಟೂಲಿನ ತುದಿಯಲ್ಲಿ ಕೂತ. ನಾನು ನನ್ನ ಕುರ್ಚಿಯಲ್ಲಿ, ಸೊಸೆ ನನ್ನ ಕಾಲ ಹತ್ತಿರ ನೆಲದ ಮೇಲೆ. ಬೇರೆ ಜಾಗ ಇರಲಿಲ್ಲ ಅಂತ ಕೂತಳು, ಪ್ರೀತಿಗಲ್ಲ.

ಮೇಡಂ ಕೈಯ ಫೋನಿನಲ್ಲಿ ಒಂದು ಗೆರೆ ಓಡುತ್ತಿತ್ತು. ನೋಡುವವರು ಹೆಚ್ಚಾದರೆ ಮೇಲೆ, ಕಮ್ಮಿಯಾದರೆ ಕೆಳಗೆ. ಶುರುವಿನಲ್ಲಿ ಚೆನ್ನಾಗಿಯೇ ಇತ್ತು. ಆಮೇಲೆ ಮತ್ತೆ ಉಪ್ಪು, ಮತ್ತೆ ನಾಲಿಗೆ. ಗೆರೆ ಜಾರತೊಡಗಿತು.

“ಇದನ್ನೇ ಎಷ್ಟು ಸಲ ನೋಡೋದು?” ಅಂದಳು ಮೇಡಂ. ದನಿ ಜೋರಿರಲಿಲ್ಲ. ಅದೇ ಭಯ ಹುಟ್ಟಿಸುವಂತಿತ್ತು.

“ಈಗ ತಿರುವು ಬರುತ್ತೆ ಮೇಡಂ,” ಅಂದ ಮಗ.

ಗೆರೆ ಇನ್ನೂ ಇಳಿಯಿತು. ಮೇಡಂ ಫೋನನ್ನು ತೊಡೆಯ ಮೇಲೆ ಬೋರಲಾಗಿ ಹಾಕಿ, ಮಗನನ್ನು ನೋಡಿದಳು. ಹೆತ್ತವಳ ಎದುರಿಗೆ ಮಗನನ್ನು ಹಾಗೆ ನೋಡಬಾರದು.

ಟೀವಿಯಲ್ಲಿ ಮಗನೆನಿಸಿಕೊಂಡವನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ. ಪರದೆಯ ಮೇಲೆ ದೊಡ್ಡ ಅಕ್ಷರ ಮೂಡಿತು. ಮೇಡಂ ಗಟ್ಟಿಯಾಗಿ ಓದಿದಳು: “ಮಗ ಹೋದ ಮೇಲೆ ಮನೆಯೊಳಗೆ ಏನಾಗುತ್ತದೆ? ನೋಡಬೇಕೇ, ಬೇಡವೇ?”

ಸೊಸೆಯ ಕೈ ಬಂದು ನನ್ನ ಪಾದ ಹಿಡಿಯಿತು, ಐಸಿನಷ್ಟು ತಣ್ಣಗೆ. ನಾನು ಬೀರುವಿನ ಕಡೆ ನೋಡಿದೆ. ಜಗಳ ನಿಂತ ಮೇಲೆ ತೆಗೆಯದೇ ಬಿಟ್ಟ ತುಂಡುಬಟ್ಟೆ ಪೆಟ್ಟಿಗೆಯ ಮೇಲೆ ಮಡಿಕೆ ಕೆಡದೆ ಕೂತಿತ್ತು. ಆ ಮಡಿಕೆ ನೋಡಿದ್ದೇ ನನ್ನ ತಲೆಗೆ ಸಿಡಿಲು ಹೊಡೆಯಿತು. ದೇವರೇ, ಮುಚ್ಚಿದ್ದು ಕಣ್ಣಿಗೆ, ಕಿವಿಗಲ್ಲ! ಮುಸುಕಿನೊಳಗೆ ಕೂತರೆ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ ಅಂತ ಈ ಭೂಮಿಯ ಮೇಲೆ ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರಿದ್ದರು? ಜೀವಮಾನವಿಡೀ ಅದೇ ವಿದ್ಯೆಯಲ್ಲಿ ಬದುಕಿದವಳು ನಾನು!

ಜನ “ನೋಡಬೇಕು” ಅಂದರು. ಗೆರೆ ನಿಂತಿತು.

ರಿಮೋಟು ನನ್ನ ಶಾಲಿನೊಳಗಿತ್ತು. ನಮ್ಮ ಮನೆ ಟೀವಿ ಆರಿಸಿದರೆ ಊರಿನ ಟೀವಿಗಳೆಲ್ಲ ಆರುತ್ತವೆಯೇ ಅಂತ ಆ ಘಳಿಗೆಯಲ್ಲಿ ಹೊಳೆಯಲಿಲ್ಲ. ಕೈಗೆ ಸಿಕ್ಕಿದ ಗುಂಡಿಯನ್ನು ಬಲವಾಗಿ ಒತ್ತಿದೆ. ಒತ್ತಿಯೇ ಹಿಡಿದೆ. ಅದು ಸದ್ದು ಹೆಚ್ಚಿಸುವ ಗುಂಡಿ.

“ಹೋದರಾ ಅತ್ತೆ?” ಟೀವಿ ಕಿರುಚಿತು.

“ತಿರುವು ದಾಟಿದ ಕಣೇ!”

ಆಮೇಲೆ ನಗು. ಮನೆಯ ಗೋಡೆ, ಕಿಟಕಿ, ಬೀದಿಯೆಲ್ಲ ಅದುರುವ ಹಾಗೆ ಇಬ್ಬರು ಹೆಂಗಸರ ನಗು. “ನಿಮ್ಮ ಮಗನ ಮುಖ ನೋಡಬೇಕಿತ್ತು ಅತ್ತೆ!” “ಅವನು ಚಿಕ್ಕಂದಿನಿಂದ ಹಾಗೇ, ಬೆದರಿಸಿದರೆ ಓಡ್ತಾನೆ. ಟೀ ಇಡು.” ಹಿನ್ನೆಲೆಯಲ್ಲಿ ಟಕಟಕ ಟಕಟಕ.

ಮೇಡಂ ತೊಡೆ ತಟ್ಟಿ ನಕ್ಕಳು. “ಅಯ್ಯೋ, ಎಂಥ ತಿರುವು! ಇಬ್ಬರೂ ಒಂದೇ ಪಾರ್ಟಿ!” ಅವಳ ಫೋನಿನ ಗೆರೆ ಏಣಿ ಹತ್ತಿದ ಹಾಗೆ ಮೇಲೇರಿತು. ಮಗ ನಗಲಿಲ್ಲ. ಮೊದಲು ಬೀರುವಿನ ಮೇಲಿನ ಬಟ್ಟೆ ನೋಡಿದ, ಆಮೇಲೆ ಹೆಂಡತಿಯನ್ನು, ಆಮೇಲೆ ನನ್ನನ್ನು. ನಾನು ತಕ್ಷಣ ಶಾಲು ಮೂಗಿನವರೆಗೆ ಎಳೆದುಕೊಂಡು ಬಾಯಿ ತೆರೆದೆ.

“ಅಮ್ಮಾ.”

ನಾನು ನಿದ್ದೆ.

ಅಷ್ಟರಲ್ಲಿ ಮೇಡಂ ಮತ್ತೆ ಓದಿದಳು: “ಈಗ ಮಗನ ಹಿಂದೆ ಹೋಗೋಣವೇ?”

ಮಗ ಸ್ಟೂಲಿನಿಂದ ದಡಬಡ ಎದ್ದ. “ರಿಮೋಟ್ ಎಲ್ಲಿ? ಅಮ್ಮಾ, ರಿಮೋಟ್ ಕೊಡು! ಸಾಕು ಮೇಡಂ, ಇಷ್ಟು ಸಾಕು, ತುಂಬಾ ಚೆನ್ನಾಗಿ ಬಂತು!” ಅವನ ದನಿಯಲ್ಲಿ ಇದ್ದ ಭಯ ಇತ್ತಲ್ಲ, ಅದು ಈಗಷ್ಟೇ ನನ್ನ ಎದೆಯಲ್ಲಿ ಇದ್ದದ್ದೇ. ನಿದ್ದೆಯಲ್ಲೇ ಸ್ವಲ್ಪ ಹೊರಳಿ ರಿಮೋಟಿನ ಮೇಲೆ ಕೂತೆ.

ಟೀವಿಯಲ್ಲಿ ಮಗ ಬೀದಿಯ ತಿರುವು ದಾಟಿದ. ದಾಟಿದ್ದೇ ನಡಿಗೆ ನಿಧಾನವಾಯಿತು. ಚಪ್ಪಲಿ ಕೆಳಗಿಟ್ಟು ಮೆಟ್ಟಿಕೊಂಡ. ಸಿಳ್ಳೆ ಹಾಕಿದ. ಜೇಬಿನಿಂದ ಫೋನ್ ತೆಗೆದ. “ಕುರ್ಚಿ ಖಾಲಿ ಇಡಪ್ಪ, ಬಂದೆ. ಏನಿಲ್ಲ, ಬೀರು ಒಂದು ಗೇಣು ತಳ್ಳಿದೆ ಅಷ್ಟೇ. ಇಬ್ಬರೂ ಶುರು ಹಚ್ಚಿಕೊಂಡರು. ಬೀರು ಮುಟ್ಟಿದರೆ ಸಾಕು, ಗಡಿಯಾರದ ಹಾಗೆ ಜಗಳ. ಇನ್ನು ಸಂಜೆಯವರೆಗೆ ನಾನು ರಾಜ.” ಆಮೇಲೆ ಒಂದು ಕ್ಷೌರದಂಗಡಿ, ಹಿಂದಕ್ಕೆ ಬಾಗುವ ದೊಡ್ಡ ಕುರ್ಚಿ, ಮುಖದ ಮೇಲೆ ಬಿಸಿ ಟವೆಲ್ಲು, ನೆಮ್ಮದಿಯ ಗೊರಕೆ.

ನುಣ್ಣನೆಯ ಆ ಗಡ್ಡ! ನಾನು ಕರುಳು ಹಿಂಡಿಕೊಂಡ ಗಡ್ಡ! ಕ್ಷೌರದಂಗಡಿಯವನಿಗೆ ಫೋನ್ ಮಾಡುವುದಕ್ಕೆ ಇವನಿಗೆ ಸಿಕ್ಕಿದ ಜಾಗ ಯಾವುದು? ನಾವಿಬ್ಬರೂ ಹಿತ್ತಲಲ್ಲಿದ್ದಾಗ ಬೀರುವಿನ ಪಕ್ಕದ ಬಾಗಿಲು! ಅಲ್ಲಿ ಅವನು ಮುಂಚೆಯೇ ಹೇಳಿಟ್ಟದ್ದನ್ನು ಯಂತ್ರ ಬೀದಿಗೆ ತಂದು ಹೊಲಿದಿತ್ತು. ಪೆಟ್ಟಿಗೆ ಇಟ್ಟವನಿಗೇ ಅದು ಅಲ್ಲಿರುವುದು ಮರೆತುಹೋಗಿತ್ತು.

ಸೊಸೆ ಎದ್ದು ನಿಂತಳು. “ರೀ. ಹಾಗಾದರೆ ಬೀರು…”

“ನೀವಿಬ್ಬರೂ ಮಾಡಿದ್ದು…”

“ಬೆನ್ನುನೋವು ಅಂತ ನಾನು ಎಣ್ಣೆ ತಿಕ್ಕಿ…”

“ನಗ್ತಿದ್ದಿರಿ. ನಾನು ಹೋದ ಮೇಲೆ ನಗ್ತಿದ್ದಿರಿ.”

“ಏನೋ ನೀನು,” ಅಂದೆ ನಾನೂ, ಮುಸುಕು ತೆಗೆದು. “ಏನೋ… ಥೂ!” ಇಷ್ಟು ವರ್ಷ ನೀರು ಕುಡಿದ ಹಾಗೆ ಜಗಳ ಆಡಿದ ಬಾಯಿ, ನಿಜವಾದ ಜಗಳಕ್ಕೆ ತೊದಲಿತು. ಮೂವರೂ ಬೆರಳು ತೋರಿಸಿಕೊಂಡು ನಿಂತೆವು.

ಮೇಡಂ ಒಂದು ಘಳಿಗೆ ನಮ್ಮನ್ನು ನೋಡಿ, ಮುಖ ಸಿಂಡರಿಸಿದಳು. “ಇದು ಬೇಡ ಬಿಡಿ. ಇದು ನಿಜ ಅನ್ನಿಸೋದಿಲ್ಲ,” ಅಂದವಳೇ ಟೀವಿಯ ಕಡೆ ತಿರುಗಿಕೊಂಡಳು.

ಅಲ್ಲಿ ಕೊನೆಯ ಓಟು ನಡೆದಿತ್ತು. ಮೂವರೂ ಮೋಸಗಾರರೇ. ಯಾರು ಆಚೆ ಹೋಗಬೇಕು? ಇಡೀ ಊರು ಸೇರಿ ಅತ್ತೆಯನ್ನು ಆಚೆ ಹಾಕಿತು. ಅವಳು ಒಂದು ಚೀಲ ಹಿಡಿದುಕೊಂಡು, ಬಾಗಿಲಲ್ಲಿ ತಿರುಗಿ ನಿಂತು “ಹೂಂ…” ಅಂದು ಹೊರಟುಹೋದಳು. ಮಹಡಿಯಿಂದ ಟೀಚರಮ್ಮ ಚಪ್ಪಾಳೆ ತಟ್ಟಿದ್ದು ಕೇಳಿಸಿತು.

ಮೇಡಂ ಮಗನ ಕೈ ಕುಲುಕಿದಳು. “ನಿಮ್ಮ ಕೆಲಸ ಎಲ್ಲೂ ಹೋಗಲ್ಲ. ಮುಂದಿನದಕ್ಕೆ ನೀವೇ. ಆ ಪೆಟ್ಟಿಗೆ ಇಳಿಸಿಬಿಡಿ, ಯಂತ್ರ ಎಲ್ಲ ಕಲಿತಾಯ್ತು. ಅತ್ತೆ ಪಾತ್ರವೂ ಇನ್ನು ಬೇಡ, ಜನ ಕಳಿಸಿಬಿಟ್ಟರಲ್ಲ.”

ಮಗನ ಕೆಲಸ ಉಳಿಯಿತು. ಹೆತ್ತವಳಿಗೆ ಇನ್ನೇನು ಬೇಕು? ಆದರೂ ನಿಧಾನವಾಗಿ ಶಾಲು ಎಳೆದುಕೊಂಡು, ಬಾಯಿ ತೆರೆದು, ನನ್ನ ಗೂಡಿನೊಳಗೆ ಸೇರಿದೆ.

ಮೇಡಂ ದನಿ ತಗ್ಗಿಸಿದಳು. “ಪಾಪ, ಅಜ್ಜಿ ನಿದ್ದೆ ಹೋದರು. ಎಬ್ಬಿಸಬೇಡಿ.”

“ನಿದ್ದೆಯಾ!” ಅಂದಳು ಸೊಸೆ. “ಮುಸುಕು ಹಾಕಿ ಬಾಯಿ ತೆರೆದರು ಅಂದ್ರೆ ಕಿವಿ ನೆಟ್ಟಗಾಯ್ತು ಅಂತ ಅರ್ಥ ಮೇಡಂ. ನಾನು ಮದುವೆಯಾಗಿ ಬಂದ ಹೊಸದರಲ್ಲೇ ನಮ್ಮ ಯಜಮಾನರು ಹೇಳಿಕೊಟ್ಟಿದ್ದಾರೆ. ಮುಖ್ಯವಾದ ಮಾತೆಲ್ಲ ನಾವು ಹಿತ್ತಲಲ್ಲಿ ಆಡ್ತೀವಿ. ಒಳ್ಳೇದನ್ನ ಮಾತ್ರ ಇಲ್ಲಿ.”

ಮೇಡಂ ನಗುತ್ತಾ ಹೋದಳು. ಬಾಗಿಲು ಹಾಕಿದ ಸದ್ದು. ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿದ ಸದ್ದು. ಒಳಗೆ ಟೀಗೆ ನೀರಿಟ್ಟ ಸದ್ದು, ಒಂದೇ ಪಾತ್ರೆ. ಆಮೇಲೆ ಹೆಜ್ಜೆಗಳು ನನ್ನ ಕುರ್ಚಿಯ ಹತ್ತಿರ ಬಂದು ನಿಂತವು.

ಮಗ ಗಂಟಲು ಸರಿಮಾಡಿಕೊಂಡ. “ನಮ್ಮಮ್ಮ ಇಲ್ಲದಿದ್ದರೆ ನಾನು ಮನುಷ್ಯನೇ ಆಗ್ತಿರಲಿಲ್ಲ,” ಅಂದ.

“ಅತ್ತೆ ಅಂದ್ರೆ ಈ ಮನೆಯ ಕಂಬ ಕಣ್ರೀ,” ಅಂದಳು ಸೊಸೆ.

ಅದೇ ಮಾತು, ಅದೇ ರಾಗ, ಒಂದಕ್ಷರ ಹೆಚ್ಚುಕಮ್ಮಿಯಿಲ್ಲ. ಅವಳು ನಗು ತಡೆದುಕೊಳ್ಳುತ್ತಿರುವುದು ಕೂಡ ನನಗೆ ಕೇಳಿಸುತ್ತಿತ್ತು. ನ್ಯಾಯವಾಗಿ ನಾನು ಶಾಲು ಕಿತ್ತೆಸೆದು ಇಬ್ಬರ ಗ್ರಹಚಾರವನ್ನೂ ಬಿಡಿಸಬೇಕಿತ್ತು.

ಬಾಯಿಯನ್ನು ಇನ್ನೊಂಚೂರು ಅಗಲ ತೆರೆದು, ಸಣ್ಣದಾಗಿ ಗೊರಕೆಯನ್ನೂ ಸೇರಿಸಿದೆ. ಇನ್ನೂ ಏನಾದರೂ ಹೇಳಿದರೂ ಹೇಳಬಹುದು.